ಕರು ಮನೆ ಸೇರಿದ ಮಧ್ಯಾಹ್ನ

ಮಕ್ಕಳು ಮಾತಾಡುವಾಗ ನಮ್ಮ ಇಂಗ್ಲಿಷ್ ಮೇಡಂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಡರೆಪ್ಪೆಯ ಮೇಲೆ ಎಳ್ಳಿನಷ್ಟು ಮಚ್ಚೆಯೊಂದಿತ್ತು, ಆಗಷ್ಟೇ ಕಾಣುತ್ತಿತ್ತು. ನಿದ್ದೆ ಬಂದಿದೆಯೇನೋ ಅಂದುಕೊಳ್ಳುತ್ತಿದ್ದೆವು. "ನಾನು ನೋಡ್ತಾ ಇದ್ರೆ ನೀವು ಹೆದರ್ತೀರ, ಅದಕ್ಕೇ" ಎಂದು ಒಮ್ಮೆ ಹೇಳಿದರು.

ಗೌನಿಪಲ್ಲಿ ಹತ್ತಿರದ ನಮ್ಮ ಶಾಲೆಗೆ ಅವರು ಕೋಲಾರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಆ ದಿನಗಳನ್ನು ನೆನೆದರೆ ಈಗಲೂ ಮಾವಿನ ಹೂವಿನ ಘಮದಲ್ಲಿ ಜೊಂಪು ಹತ್ತಿದಂತಾಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷು ಮಾತ್ರ ನನ್ನ ಗಂಟಲಲ್ಲೇ ಉಳಿಯುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಒಂದು ಸಾಲು ತಪ್ಪಾಗಿ ಓದಿದಾಗ ಎಲ್ಲರೂ ನಕ್ಕಿದ್ದರು. ಆಮೇಲೆ ನಾನು ಇಂಗ್ಲಿಷಿನಲ್ಲಿ ಬಾಯಿ ತೆರೆದಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಮೇಡಂ ಬೆಂಚುಗಳನ್ನು ಎದುರುಬದುರು ತಿರುಗಿಸಿ ನಮ್ಮನ್ನು ನಾಲ್ಕು ನಾಲ್ಕು ಜನರಂತೆ ಕೂರಿಸಿದರು. ಒಂದು ಕಥೆಯನ್ನು ನಾಲ್ಕು ಚೀಟಿಗಳಲ್ಲಿ ಬರೆದು ಒಬ್ಬೊಬ್ಬರಿಗೆ ಒಂದೊಂದು ಕೊಡುವರು. ಚೀಟಿ ತೋರಿಸುವಂತಿಲ್ಲ, ಓದಿಕೊಂಡು, ಮಡಚಿಟ್ಟು, ಇಂಗ್ಲಿಷಿನಲ್ಲೇ ಹೇಳಬೇಕು. ಒಬ್ಬರು ಸುಮ್ಮನಾದರೂ ಕಥೆ ಯಾರಿಗೂ ಪೂರ್ತಿ ಸಿಗದು. ಗದ್ದಲ ಕೇಳಿ ಹೆಡ್‌ಮಾಸ್ಟರು ಬಾಗಿಲಿಗೆ ಬಂದರೆ, "ಸಾರ್, ಮಾತು ಕಲಿಯೋರು ಸದ್ದು ಮಾಡ್ದೆ ಹೆಂಗೆ ಕಲೀತಾರೆ?" ಎಂದು ನಗುವರು.

ಒಂದು ಮಧ್ಯಾಹ್ನ ತಪ್ಪಿಸಿಕೊಂಡ ಕರುವಿನ ಕಥೆ ಬಂತು. ಕೊನೆಯ ಚೀಟಿ ನನ್ನದು. ಉಳಿದ ಮೂವರು ಹೇಳಿ ಮುಗಿಸಿದರು. ನಾನು ಮಡಚಿದ ಚೀಟಿಯನ್ನೇ ಮತ್ತೆ ಮತ್ತೆ ಮಡಚುತ್ತಾ ಕೂತೆ. ಬೆಲ್ ಹೊಡೆದು ಬೇರೆ ಮಕ್ಕಳೆಲ್ಲ ಎದ್ದುಹೋದರು. ನನ್ನ ಗುಂಪು ಏಳಲಿಲ್ಲ. ಪಕ್ಕದ ನಸೀಮಾ ನನ್ನ ಮೊಣಕೈ ಹಿಡಿದು, "ಹೇಳೇ, ಕರು ಸಿಕ್ತಾ ಇಲ್ವಾ? ಮನೇಗೋದ್ರೂ ಅದೇ ಯೋಚ್ನೆ ಆಗತ್ತೆ ಕಣೇ" ಎಂದಳು. ಅಣಕವಲ್ಲ, ನಿಜವಾಗಿಯೂ ಅವಳಿಗೆ ಕರುವಿನ ಚಿಂತೆ.

"ಕಾಫ್ ಕಮ್," ಎಂದೆ. "ಮದರ್ ಸೀ. ಮದರ್ ಲಿಕ್. ಲಿಕ್, ಲಿಕ್..."

"ಅಬ್ಬಾ, ಸಿಕ್ತು!" ನಸೀಮಾ ಉಸಿರು ಬಿಟ್ಟಳು. ಯಾರೂ ನಗಲಿಲ್ಲ.

"ಗ್ರಾಮರ್ ನಾಳೆ ನೋಡೋಣ," ಎಂದರು ಮೇಡಂ. "ಕರು ಮನೆ ಸೇರ್ತಲ್ಲ."

ಈಗ ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸ್. ಹೊರರಾಜ್ಯದ ಡಾಕ್ಟರುಗಳಿಗೆ ನಮ್ಮ ಕಡೆಯ ರೋಗಿಗಳ ನೋವನ್ನು ಇಂಗ್ಲಿಷಿನಲ್ಲಿ ತಿಳಿಸುವವಳು ನಾನೇ. ಕೆಲಸ ಸಿಕ್ಕಾಗ ಅಮ್ಮನನ್ನು ಮೇಡಂ ಮನೆಗೆ ಕರೆದೊಯ್ದಿದ್ದೆ. ಟೀಚರುಗಳೆಂದರೆ ಅಮ್ಮ ಸೆರಗು ಹೊದ್ದು ಬಾಗಿಲಲ್ಲೇ ನಿಲ್ಲುವವಳು. ಮೇಡಂ ಅವಳ ಕೈ ಹಿಡಿದು, "ರಾಂಡಮ್ಮಾ, ಕೂರ್ಚೋಂಡಿ" ಎಂದು ಒಳಗೆ ಕರೆದು ಕೂರಿಸಿದರು. ಊಟದ ಬಿಡುವಿನಲ್ಲಿ ನಮ್ಮಿಂದಲೇ ಕಲಿತ ತೆಲುಗು. ಮುಂದೆ ಆಡಿದ್ದರಲ್ಲಿ ತಪ್ಪುಗಳೇ ಹೆಚ್ಚು. ಅಮ್ಮ ನಗುತ್ತಾ ತಿದ್ದುತ್ತಾ ಸಂಜೆಯವರೆಗೂ ಮಾತಾಡಿದಳು. ತಂಗಿಯನ್ನು ನೋಡಿಕೊಳ್ಳಲು ತಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ಸಂಗತಿ ಹೇಳಿದಳು. ಅದು ನನಗೂ ಅಂದೇ ತಿಳಿದದ್ದು.

ಕಳೆದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಮನೆಗೆ ಸುದ್ದಿ ತಂದವಳು ನಾನು. ಅಮ್ಮ ಗ್ಯಾಸ್ ಆರಿಸಿ, ಗೋಡೆಗೊರಗಿ ಕುಳಿತು, "ನನ್ನ ಗೆಳತಿ ಹೋಗ್ಬಿಟ್ಲಲ್ಲೇ" ಎಂದು ನನಗಿಂತ ಮೊದಲು ಅತ್ತಳು.