ಇನ್ನೂರ ಹನ್ನೆರಡನೇ ಪುಟದ ಮದ್ದು

ನನ್ನ ತಮ್ಮನ ಹೆಂಡತಿಯ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ಮೂರ್ಖತನದ ಬಗ್ಗೆ ಬರೆಯಬೇಕು. ಬೇರೆ ದಾರಿ ಇದ್ದಿದ್ದರೆ ಖಂಡಿತ ಅದನ್ನೇ ಹಿಡಿಯುತ್ತಿದ್ದೆ.

ಅವಳು ದೊಡ್ಡ ಬಟ್ಟೆಯಂಗಡಿಯೊಂದರ ನಾಲ್ಕನೇ ಮಹಡಿಯಲ್ಲಿ ಆಲ್ಟರೇಷನ್ ಕೆಲಸ ಮಾಡುತ್ತಾಳೆ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಬಿಡಿಸುವುದು, ಗಿರಾಕಿಗಳ ಹೊಟ್ಟೆಗೂ ಅವರು ಬಾಯಲ್ಲಿ ಹೇಳುವ ಅಳತೆಗೂ ರಾಜಿ ಮಾಡಿಸುವುದು. ಇಡೀ ದಿನ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಇರುವುದರಿಂದ ಅಂಗಡಿಯವರು ಅವಳಿಗೆ ‘ಮೂಗಿ’ ಎಂದು ಹೆಸರಿಟ್ಟಿದ್ದಾರೆ. ಮನೆಗೆ ಬಂದರೆ ಮಾತ್ರ ಬಾಯಿಗೆ ಬಿಡುವಿಲ್ಲ.

“ಮೆಟ್ಟಿಲು ಹತ್ತುತಾ ಇದೀನಿ, ನಾನೇ.” “ಸ್ಟೀಲ್ ಡಬ್ಬ ಕೆಳಗಿಡ್ತೀನಿ, ಸದ್ದಾಗತ್ತೆ.” “ನಿಮ್ಮ ಹಿಂದಿನಿಂದ ಬರ್ತಿದೀನಿ, ಎಡಗಡೆ.”

ಇದೆಲ್ಲ ನನ್ನ ತಮ್ಮನಿಗೆ. ಅವನು ಗೋದಾಮೊಂದರಲ್ಲಿ ಸರಕಿನ ಲಿಫ್ಟು ನಡೆಸುತ್ತಿದ್ದ. ಮೂರು ವರ್ಷದ ಹಿಂದೆ ತಂತಿ ಹಗ್ಗ ಕಡಿದು ಲಿಫ್ಟು ಮೂರು ಮಹಡಿ ಕೆಳಕ್ಕೆ ಬಿತ್ತು. ಜೊತೆಗಿದ್ದ ಗೆಳೆಯ ಅಲ್ಲೇ ಹೋಗಿಬಿಟ್ಟ, ಇವನ ಕಾಲು ಮುರಿಯಿತು. ಕಾಲು ಕೂಡಿಕೊಂಡಿತು, ಉಳಿದದ್ದು ಕೂಡಿಕೊಳ್ಳಲಿಲ್ಲ. ಹೇಳದೆ ಕೇಳದೆ ಒಂದು ತಟ್ಟೆ ಬಿದ್ದರೂ ಗೋಡೆಗೊರಗಿ ಬೆವರುತ್ತಾನೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಿಲ್ಲಲಾರ. ರಾತ್ರಿ ಎರಡು ಮೂರು ಸಲ ಕೂಗಿಕೊಂಡು ಏಳುತ್ತಾನೆ. ಡಾಕ್ಟರು ಮಾತ್ರೆ ಕೊಟ್ಟು, ನಿಧಾನ ಎಂದಿದ್ದರು. ಅವಳು ಅಂಗಡಿಯಿಂದ ತರುವ ಷರ್ಟುಗಳಿಗೆ ಗುಂಡಿ ಹೊಲಿಯುತ್ತ ಮನೆಯಲ್ಲೇ ಇದ್ದ.

ನಾನು ಎರಡು ತಿಂಗಳ ಮಟ್ಟಿಗೆಂದು ಬಂದವಳು. ಬಂದವಳು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಅಕ್ಕಂದಿರಿಗೆ ಆ ವಿದ್ಯೆಯೊಂದನ್ನು ಯಾರೂ ಕಲಿಸುವುದಿಲ್ಲ.

“ಅಲ್ಲಮ್ಮಾ, ಇದೇನು ಕ್ರಿಕೆಟ್ ಕಾಮೆಂಟ್ರಿನಾ? ಡಬ್ಬ ಇಡೋದನ್ನೂ ಹೇಳ್ಬೇಕಾ?”

“ಹೇಳಿದ್ರೆ ಅವರಿಗೆ ಬೆಚ್ಚಿ ಬೀಳೋದು ತಪ್ಪತ್ತೆ ಅತ್ತಿಗೆ.” ಅಷ್ಟೇ ಹೇಳಿ ಅವಳು ಬಕೆಟ್ಟು ತುಂಬಿಸಲು ಹೋದಳು, ಬಕೆಟ್ಟು ತುಂಬಿಸುತ್ತೇನೆಂದು ಕೂಗಿ ಹೇಳಿಯೇ.

ನನ್ನ ಭಯ ಬೇರೆಯೇ ಇತ್ತು. ಅವಳು ಬಿಟ್ಟು ಹೋಗುತ್ತಾಳೆ ಎಂಬ ಭಯ. ಮೂವತ್ತೊಂದು ವಯಸ್ಸು, ಕೈಯಲ್ಲಿ ಕಸುಬಿದೆ, ಮಕ್ಕಳಿಲ್ಲ. ಕಣ್ಣು ಗುಳಿ ಬಿದ್ದಿದ್ದವು. ನನ್ನೆದುರು ಒಂದು ದಿನ ಗಂಡನ ಕೈ ಹಿಡಿದವಳಲ್ಲ, ಒಂದು ಹನಿ ಕಣ್ಣೀರು ಹಾಕಿದವಳಲ್ಲ. ಇದು ಪ್ರೀತಿಯೋ ಡ್ಯೂಟಿಯೋ? ಇವಳು ಹೊರಟರೆ ನನ್ನ ತಮ್ಮನ ಗತಿಯೇನು?

ಪ್ರೀತಿ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಲೈಬ್ರರಿಯಿಂದ ತಂದ ‘ನಡುಗುವ ಎದೆಗೆ ನನ್ನ ತೋಳು’ ಎಂಬ ಕಾದಂಬರಿಯನ್ನು ಮೂರು ಸಲ ಓದಿದ್ದೆ. ನಾಯಕ ಹಡಗಿನ ಕ್ಯಾಪ್ಟನ್. ಹಡಗು ಮುಳುಗಿದ ಮೇಲೆ ನೀರು ಕಂಡರೆ ನಡುಗುತ್ತಾನೆ. ಕೆಟ್ಟ ಕನಸು ಬಿದ್ದಾಗಲೆಲ್ಲ ಎದೆಯ ಗುಂಡಿ ಬಿಚ್ಚಿಕೊಂಡು ಬಹಳ ಅಂದವಾಗಿ ಬೆವರುತ್ತಾನೆ. ನಾಯಕಿ ಹೂವಿನಂಗಡಿಯವಳು, ಮುನ್ನೂರು ಪುಟದಲ್ಲಿ ಒಂದೇ ಒಂದು ಹೂವು ಮಾರಿದವಳಲ್ಲ. ಇನ್ನೂರ ಹನ್ನೆರಡನೇ ಪುಟದಲ್ಲಿ ಅವಳು ಉಪಾಯದಿಂದ ಅವನನ್ನು ದೋಣಿ ಹತ್ತಿಸಿ, ನಡುಸಮುದ್ರದಲ್ಲಿ ಗಟ್ಟಿಯಾಗಿ ತಬ್ಬಿಕೊಳ್ಳುತ್ತಾಳೆ. ಅವನು ಅಳುತ್ತಾನೆ. ನಡುಕ ನಿಲ್ಲುತ್ತದೆ. ಮುಂದಿನ ಪುಟದಲ್ಲಿ ಮದುವೆ. ಲೈಬ್ರರಿ ಪುಸ್ತಕ ಎನ್ನುವುದನ್ನೂ ಮರೆತು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ.

ತಮ್ಮನ ಹೆಂಡತಿಗೆ ಆ ಪುಟ ಓದಿಸಿದೆ. ಓದಿ, ಪುಸ್ತಕ ಮಡಚಿ ಕೇಳಿದಳು:

“ಸಮುದ್ರಕ್ಕೆ ಹೋಗೋಕೆ ಇವಳಿಗೆ ರಜ ಯಾರು ಕೊಟ್ರು ಅತ್ತಿಗೆ?”

ಇವಳಿಂದ ಆಗುವ ಕೆಲಸವಲ್ಲ, ನಾನೇ ಮಾಡಬೇಕು ಎಂದುಕೊಂಡೆ.

ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಜನ ಕಡಿಮೆ. ಷರ್ಟಿನ ಅಳತೆ ಕೊಡಬೇಕಂತೆ ಎಂದು ತಮ್ಮನನ್ನು ಕರೆದುಕೊಂಡು ಹೋದೆ. ನನಗೆ ತಲೆ ಸುತ್ತುತ್ತಿದೆ ಎಂದು ಕಾವಲಿನವನ ಕೈಯಲ್ಲಿ ಮೇಲಕ್ಕೆ ಹೇಳಿ ಕಳಿಸಿದೆ. ಅವಳು ತುಟಿಯಲ್ಲಿ ಪಿನ್ನು ಇದ್ದಂತೆಯೇ ಮೆಟ್ಟಿಲಿಳಿದು ಓಡಿ ಬಂದಳು. ಲಿಫ್ಟಿನ ಎದುರು ನಾನಿದ್ದೆ, ಅದರ ಗುಂಡಿ ಮೊದಲೇ ಒತ್ತಿಟ್ಟಿದ್ದೆ. ಇಬ್ಬರೂ ಲಿಫ್ಟಿಗೆ ಬೆನ್ನು ಹಾಕಿ ನನ್ನ ಮುಖ ನೋಡುತ್ತ ನಿಂತಿದ್ದರು. ಬಾಗಿಲು ತೆರೆಯಿತು. ಇಬ್ಬರನ್ನೂ ಒಟ್ಟಿಗೆ ಒಳಗೆ ತಳ್ಳಿ, ಕೈ ಚಾಚಿ ನಾಲ್ಕರ ಗುಂಡಿ ಒತ್ತಿಬಿಟ್ಟೆ. ನಾನು ಸಣ್ಣ ಹೆಂಗಸಲ್ಲ, ತಡೆಯಲು ಅವರಿಗಾಗಲಿಲ್ಲ.

ಬಾಗಿಲು ಮುಚ್ಚಿತು. ಅವನು ಕೂಗಿದ್ದು ಕೇಳಿಸಿತು. ಇದು ಅಳುವ ಭಾಗ, ಇನ್ನು ತಬ್ಬಿಕೊಳ್ಳುತ್ತಾಳೆ ಎಂದು ಲೆಕ್ಕ ಹಾಕುತ್ತ ನಿಂತೆ.

ಲಿಫ್ಟು ಕೆಳಗೆ ಬರಲೇ ಇಲ್ಲ. ನಾನು ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿದೆ. ನನ್ನ ತಮ್ಮ ಲಿಫ್ಟಿನ ಮೂಲೆಯಲ್ಲಿ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಮುದುಡಿ ಕೂತಿದ್ದ. ಪ್ಯಾಂಟು ಒದ್ದೆಯಾಗಿತ್ತು. ಅವಳು ಬಾಗಿಲಿಗೆ ಕಾಲು ಅಡ್ಡ ಕೊಟ್ಟು, ಅವನಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತಿದ್ದಳು. ಮುಟ್ಟಿರಲಿಲ್ಲ. ಪಿನ್ನು ಚುಚ್ಚಿ ಕೆಳತುಟಿಯಿಂದ ರಕ್ತ ಇಳಿಯುತ್ತಿತ್ತು.

“ಬಾಗಿಲು ತೆಗೆದಿದೆ. ನಾಲ್ಕನೇ ಮಹಡಿ. ನಾನು ಇಲ್ಲೇ ಕೂತಿದೀನಿ.” ಮತ್ತೆ ಅದೇ, ಮತ್ತೆ ಅದೇ. ಗಿರಾಕಿಗಳು ಗುಂಪು ಕಟ್ಟಿ ನೋಡುತ್ತಿದ್ದರು. ಮ್ಯಾನೇಜರು ಬಂದು ಗಡಿಯಾರ ನೋಡಿಕೊಂಡರು. ಅವನು ಎದ್ದು ಹೊರಗೆ ಕಾಲಿಡಲು ನಲವತ್ತು ನಿಮಿಷ ಹಿಡಿಯಿತು. ಅವಳು ನನ್ನನ್ನು ದಾಟಿ, ಒಂದೊಂದು ಮೆಟ್ಟಿಲನ್ನೂ ಹೇಳುತ್ತ ಅವನನ್ನು ಕೆಳಗಿಳಿಸಿಕೊಂಡು ಹೋದಳು. ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ನಾನು. ತಮ್ಮ ಸೂಜಿ ಮುಟ್ಟುವುದನ್ನೇ ಬಿಟ್ಟ. ರಾತ್ರಿ ಎರಡು ಮೂರು ಸಲ ಏಳುತ್ತಿದ್ದವನು ಐದು ಸಲ ಎದ್ದ. ಐದು ಸಲವೂ ಅವಳು ಎದ್ದಳು. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೂ ಹೋದಳು. ಮೂರು ವರ್ಷ ಅವಳು ಕೂಡಿಸಿದ್ದನ್ನೆಲ್ಲ ನಾನು ಒಂದೇ ನೂಕಿಗೆ ಕೆಡವಿದ್ದೆ.

ನಾಲ್ಕನೇ ದಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದವಳ ಹತ್ತಿರ ಹೋಗಿ ಕೇಳಿಯೇಬಿಟ್ಟೆ. “ನಿಜ ಹೇಳು ತಾಯಿ. ನೀನು ಇವನನ್ನ ಬಿಟ್ಟು ಹೋಗ್ತೀಯಾ?”

ಅವಳು ತಟ್ಟೆಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು. “ಹೋಗ್ಬಿಡೋಣ ಅಂತ ಅನ್ಸತ್ತೆ ಅತ್ತಿಗೆ. ಅನ್ಸಲ್ಲ ಅಂದ್ರೆ ಸುಳ್ಳಾಗತ್ತೆ. ಅವರು ಅಂದ್ರೆ ನಂಗೆ ಪ್ರಾಣ, ಅದೂ ಸುಳ್ಳಲ್ಲ. ಆದ್ರೆ ನಂಗೆ ತುಂಬ ಸುಸ್ತಾಗಿದೆ.”

“ನಾನೇನು ಮಾಡ್ಲಿ, ಹೇಳು. ಏನು ಬೇಕಾದ್ರೂ ಮಾಡ್ತೀನಿ.”

“ಏನೂ ಮಾಡ್ಬೇಡಿ. ಭಾನುವಾರ ಮಧ್ಯಾಹ್ನ ಅವರ ಹತ್ರ ಸುಮ್ನೆ ಕೂತ್ಕೊಳಿ. ನಾನು ಒಳಗೆ ಮಲಗ್ತೀನಿ.”

ಪುಸ್ತಕ ವಾಪಸ್ಸು ಕೊಟ್ಟೆ. ಗೆರೆ ಎಳೆದದ್ದಕ್ಕೆ ಲೈಬ್ರರಿಯವರು ಬೈದರು, ಬೈಸಿಕೊಂಡೆ.

ಭಾನುವಾರ ಊಟವಾದ ಮೇಲೆ ಅವಳು ಒಳಕೋಣೆಗೆ ಹೋದಳು. ನಾವಿಬ್ಬರೂ ಹೊರಗೆ ಕೂತೆವು. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು. ಹತ್ತು ನಿಮಿಷವಾಗಿರಲಿಲ್ಲ, ಒಳಗಿನಿಂದ ಗೊರಕೆ ಶುರುವಾಯಿತು. ಸಣ್ಣದಲ್ಲ, ಮರ ಕೊಯ್ಯುವಂಥದ್ದು. ತಮ್ಮ ಬೆಚ್ಚುತ್ತಾನೆಂದು ಹೆದರಿ ನಾನು ಅರ್ಧ ಎದ್ದೆ.

ಅವನು ಬೇಡವೆಂದು ಕೈಸನ್ನೆ ಮಾಡಿದ. ಕಿವಿಗೊಟ್ಟು ಕೇಳುತ್ತಿದ್ದ.

“ಮದುವೆಯಾದ ಹೊಸದ್ರಲ್ಲಿ ದಿನಾ ಹೀಗೇ ಹೊಡೀತಿದ್ಲು ಅಕ್ಕ. ನಾನು ತುಂಬ ರೇಗಿಸ್ತಿದ್ದೆ,” ಎಂದ. ಒಳಕೋಣೆಯ ಕಡೆ ತಿರುಗಿ ಹೇಳಿದ, “ಮೂರು ವರ್ಷದಿಂದ ಇದನ್ನ ನಾನು ಕೇಳೇ ಇಲ್ಲ ನೋಡು.”

ಅವನ ಕಣ್ಣು ತುಂಬಿಕೊಂಡಿತ್ತು. ಸಂಜೆ ಆರಾದರೂ ನಾವು ಅವಳನ್ನು ಎಬ್ಬಿಸಲಿಲ್ಲ.