ಖಾತೆ ಅಂದರೆ ಹೊಲದ್ದಲ್ಲ

2022ರ ನವೆಂಬರ್ 9, ಬುಧವಾರ, ಬೆಳಿಗ್ಗೆ ಹತ್ತೂಕಾಲು. ಯಲಬುರ್ಗಾ ತಾಲ್ಲೂಕಿನ ನಮ್ಮೂರ ಗ್ರಂಥಾಲಯದ ಬಾಗಿಲಿಗೆ ಒಂದು ಹಲಗೆ ನೇತುಹಾಕಿದೆ. ಸೀಮೆಸುಣ್ಣದಲ್ಲಿ ನಾನೇ ಬರೆದದ್ದು: 'ಇಲ್ಲಿ ಉಚಿತವಾಗಿ ಖಾತೆ ಮಾಡಿಕೊಡಲಾಗುವುದು.'

ಮೇಲ್ವಿಚಾರಕಿಯಾಗಿ ಸೇರಿ ಮೂರು ತಿಂಗಳಾಗಿತ್ತು. ಪಂಚಾಯಿತಿಯವರು ಎರಡು ಕಂಪ್ಯೂಟರ್ ಕೊಟ್ಟಿದ್ದರು. ಗ್ರಂಥಾಲಯ ಸಿಬ್ಬಂದಿಗೆಂದೇ ಇರುವ ಉಚಿತ ಆನ್‌ಲೈನ್ ಪಾಠಗಳನ್ನು ನೋಡಿ ಅವನ್ನು ನಡೆಸುವುದು ಕಲಿತಿದ್ದೆ. ಓದುಗರು ತಮ್ಮ ಹೆಸರಲ್ಲಿ ಖಾತೆ ತೆರೆದರೆ ಶಾಲೆಯ ಪಾಠಗಳ ವಿಡಿಯೊ ಅವರಿಗೂ ಪುಕ್ಕಟೆ.

ಮಧ್ಯಾಹ್ನದೊಳಗೆ ಹನ್ನೊಂದು ಮಂದಿ ಬಂದರು. ಎಲ್ಲರ ಕೈಯಲ್ಲೂ ಹೊಲದ ಪಹಣಿ, ಇಲ್ಲವೇ ಮನೆಯ ಕಾಗದ.

"ಯವ್ವಾ, ಹೊಲ ಇನ್ನೂ ನಮ್ಮಪ್ಪನ ಹೆಸರಿಲೆ ಐತಿ. ನನ್ನ ಹೆಸರಿಗೆ ಮಾಡಿಕೊಡು," ಎಂದು ಮೊದಲು ಬಂದ ಹಿರಿಯರು ಪಹಣಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಕಾಕಾ, ಇದು ಹೊಲದ ಖಾತೆ ಅಲ್ರಿ. ಕಂಪ್ಯೂಟರಿನ್ಯಾಗ ಓದಾಕ ಹೆಸರು ಹಚ್ಚೂದು."

"ಓದಾಕ ಖಾತೆ ಯಾಕ ಬೇಕು? ಕಣ್ಣಿಗೆ ಚಾಳೀಸು ಇದ್ರ ಸಾಕಲ್ಲ."

ಹಿಂದಿದ್ದವರು ನಕ್ಕರು. ಹತ್ತು ಮಂದಿ ಕಾಗದ ಮಡಚಿಕೊಂಡು ಹೋದರು. ಬಂದವರು ಹನ್ನೊಂದು, ಖಾತೆ ಸೊನ್ನೆ ಎಂದು ಬರೆದುಕೊಂಡೆ.

ಹನ್ನೊಂದನೆಯವಳು ಹೋಗಲಿಲ್ಲ. ಮೂವತ್ತರ ಆಸುಪಾಸಿನ ಕೂಲಿ ಹೆಂಗಸು. ಅತ್ತೆಯ ಮನೆ ಕಾಗದ ಹಿಡಿದು ಬಂದಿದ್ದಳು. ಪರೀಕ್ಷಿಸಿ ನೋಡಲೆಂದು ನಾನು ಹಚ್ಚಿಟ್ಟಿದ್ದ ಗಣಿತದ ವಿಡಿಯೊವನ್ನೇ ನೋಡುತ್ತ ನಿಂತಿದ್ದಳು.

"ಅಕ್ಕೋರ, ಇದು ಹತ್ತನೇ ಕ್ಲಾಸಿಂದಲ್ರಿ?"

ಅವಳು ಸಾಲಿ ಬಿಟ್ಟದ್ದು ಒಂಬತ್ತನೇ ಕ್ಲಾಸಿಗೆ. ನಮ್ಮೂರ ಅಂಗನವಾಡಿಯ ಸಹಾಯಕಿ ಮುಂದಿನ ವರ್ಷ ನಿವೃತ್ತಿಯಾಗುತ್ತಾರೆ, ಆ ಜಾಗಕ್ಕೆ ಹತ್ತನೇ ಪಾಸಾಗಿರಬೇಕು ಎಂದು ಯಾರಿಂದಲೋ ಕೇಳಿದ್ದಳಂತೆ. "ಕೂಲಿ ಅಂದ್ರ ಹೊಲದಾಗ ಕೆಲಸ ಇದ್ದಾಗಷ್ಟ. ಅದು ಸಿಕ್ಕರ ತಿಂಗಳಾ ತಿಂಗಳಾ ಪಗಾರ ಬರ್ತೈತಿ," ಎಂದಳು. ಖಾಸಗಿಯಾಗಿ ಪರೀಕ್ಷೆ ಕಟ್ಟಲು ಇನ್ನೂ ಸಮಯವಿತ್ತು. ಅಂದೇ ಅವಳ ಖಾತೆ ತೆರೆದೆ. ಸೊನ್ನೆ ಅಳಿಸಿ ಒಂದು ಎಂದು ಬರೆದೆ. ಹಲಗೆಯನ್ನೂ ತಿದ್ದಿದೆ: 'ಇಲ್ಲಿ ಪುಕ್ಕಟೆ ಪಾಠ ನೋಡಬಹುದು.'

ಮರುದಿನದಿಂದ ಕೂಲಿ ಮುಗಿಸಿ ಸಂಜೆ ಐದೂವರೆಗೆ ಬರತೊಡಗಿದಳು. ವಿಡಿಯೊದ ಮೇಷ್ಟ್ರು ಬೆಂಗಳೂರು ಕಡೆಯ ಕನ್ನಡದಲ್ಲಿ ಗಡಿಬಿಡಿಯಿಂದ ಹೇಳುತ್ತಿದ್ದರು. "ಇವರಿಗೆ ಬಸ್ ತಪ್ಪತೈತೇನ್ರಿ?" ಎಂದು ಕೇಳುತ್ತಿದ್ದಳು. ಅಲ್ಲಲ್ಲಿ ನಿಲ್ಲಿಸಿ, ಸಮೀಕರಣವೆಂದರೆ ತಕ್ಕಡಿಯ ಎರಡು ಪರಡಿ, ಎರಡೂ ಸಮ ತೂಗಬೇಕು ಎಂದು ನಾನು ಹೇಳಿದ ಮೇಲೆ ಬೀಜಗಣಿತ ಹಿಡಿತಕ್ಕೆ ಬಂತು. ನೆಟ್ ಹೋದರೆ ಪಾಠವೂ ನಿಲ್ಲುತ್ತಿತ್ತು. ಸಿಬ್ಬಂದಿ ಪಾಠಗಳಲ್ಲೇ ಹುಡುಕಿ, ವಿಡಿಯೊ ಮೊದಲೇ ಇಳಿಸಿಟ್ಟುಕೊಳ್ಳುವುದನ್ನು ಕಲಿತೆ.

ಒಂದು ಸಂಜೆ ಅವಳ ನೆಗೆಣ್ಣಿ, ಅಂದರೆ ವಾರಗಿತ್ತಿ, ಕರೆಯಲು ಬಂದಳು. "ಪುಕ್ಕಟ ಸಿಕ್ಕರ ನನಗೊಂದು ನಮ್ಮಪ್ಪಗೊಂದು ಅನ್ನಾಕಿ ಇಕಿ. ಮನ್ಯಾಗ ರೊಟ್ಟಿ ಯಾರು ಬಡೀಬೇಕು?"

"ಈಗ ನೀ ಬಡಿ. ಅಂಗನವಾಡಿ ಕೆಲಸ ಸಿಗಲಿ, ನಿನ್ನ ಮಗಳಿಗೆ ಒಂದು ಉಂಡಿ ಹೆಚ್ಚಿಗಿ ಕೊಡ್ತೀನಿ."

ರೇಖಾಗಣಿತ ಮಾತ್ರ ನಮ್ಮಿಬ್ಬರಿಗೂ ಬಗ್ಗಲಿಲ್ಲ. ನಾನು ಕಲಾ ವಿಭಾಗದವಳು. ಒಂದೇ ಪ್ರಮೇಯವನ್ನು ಇಬ್ಬರೂ ಮತ್ತೆ ಮತ್ತೆ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಯಲಬುರ್ಗಾಕ್ಕೆ ಬಸ್ಸಿನಲ್ಲಿ ಹೋಗಿ ಆರೂ ಪರೀಕ್ಷೆ ಬರೆದಳು. ಮೇ ತಿಂಗಳಲ್ಲಿ ಫಲಿತಾಂಶ ಬಂತು: ಐದರಲ್ಲಿ ಪಾಸು, ಗಣಿತದಲ್ಲಿ ಇಪ್ಪತ್ತೊಂಬತ್ತು. ಬೇಕಿದ್ದದ್ದು ಮೂವತ್ತೈದು. ಇನ್ನು ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಮರುದಿನ ಐದೂವರೆಗೆ ಬಂದು ಕುರ್ಚಿ ಎಳೆದುಕೊಂಡಳು.

"ಐದು ಎತ್ತು ಹಳ್ಳ ದಾಟ್ಯಾವ ಅಕ್ಕೋರ. ಒಂದು ನೀರಾಗ ನಿಂತೈತಿ. ಅದನ್ನ ಹೊಡಕೊಂಡು ಬರೂದಷ್ಟ."

ಅಂಗನವಾಡಿಯ ಜಾಗಕ್ಕೆ ಇನ್ನೂ ಅರ್ಜಿ ಕರೆದಿಲ್ಲ. ಜೂನ್‌ನಲ್ಲಿ ಪೂರಕ ಪರೀಕ್ಷೆ ಇದೆ. ಬರೆಯದೆ ಬಿಟ್ಟ ಪ್ರಶ್ನೆಗಳನ್ನು ನೆನಪಿಸಿಕೊಂಡು ಹೇಳಿದಳು. ಬಹುತೇಕ ವೃತ್ತದ ಸ್ಪರ್ಶಕಗಳವು. ಈಗ ಬರೀ ಅವನ್ನೇ ನೋಡುತ್ತಿದ್ದೇವೆ. ಆದರೆ ನಮ್ಮಲ್ಲಿರುವ ವಿಡಿಯೊದಲ್ಲಿ ಚಿತ್ರ ಮೊದಲೇ ಬರೆದಿರುತ್ತದೆ. ಯಾವ ಗೆರೆ ಯಾಕೆ ಬಂತೆಂದು ತಿಳಿಯುವುದಿಲ್ಲ. ಒಂದೊಂದೇ ಗೆರೆ ಎಳೆದು, ನಿಧಾನವಾಗಿ ಕನ್ನಡದಲ್ಲಿ ಹೇಳುವ, ಇಳಿಸಿಟ್ಟುಕೊಳ್ಳಬಹುದಾದ ಉಚಿತ ಪಾಠ ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಜೂನ್‌ಗೆ ಮೊದಲೇ ಸಿಕ್ಕರೆ ಛಲೋ.