ಹಿಟ್ಟು ಬಿದ್ದದ್ದು ಬಲಗಣ್ಣಿಗೆ

ಕೋಲ್ಕತ್ತಾದ ಬಾಲಿಗಂಜ್‌ನ ಫ್ಲ್ಯಾಟಿನ ಬಾಗಿಲಲ್ಲಿ ದೊಡ್ಡಮ್ಮ ದಿನವೂ ಚುಕ್ಕಿ ರಂಗೋಲಿ ಹಾಕುತ್ತಾರೆ. ಒಂದು ಬೆಳಿಗ್ಗೆ ಗಾಳಿಗೆ ಅಕ್ಕಿಹಿಟ್ಟು ಹಾರಿ ಅವರ ಬಲಗಣ್ಣಿಗೆ ಬಿತ್ತು. ಆ ಕಣ್ಣು ಮುಚ್ಚಿಕೊಂಡೇ ರಂಗೋಲಿ ಮುಗಿಸಿದರು. ಗೆರೆಗಳೆಲ್ಲ ಸೊಟ್ಟಗಾಗಿದ್ದವು.

"ಹಿಟ್ಟು ಬಿತ್ತು ಕಣೇ," ಎಂದರು.

ಬಲಗಣ್ಣು ತೊಳೆದೆ. ಡ್ರಾಪ್ಸ್ ಹಾಕಿದೆ. ಕೆಂಪು ಇಳಿಯಿತು, ರಂಗೋಲಿಯೂ ನೆಟ್ಟಗಾಯಿತು. ಇಬ್ಬರೂ ಮರೆತೆವು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ರೈಲ್ವೆ ಕಚೇರಿಯಿಂದ ನಿವೃತ್ತರಾದ ಮೇಲೂ ಕೋಲ್ಕತ್ತಾ ಬಿಡಲಿಲ್ಲ. ಇಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಅವರ ಮನೆಗೆ ಬಂದೆ. ಇಬ್ಬರೂ ಹೆಚ್ಚು ಮಾತಿನವರಲ್ಲ; ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗಿರುವುದು ನಮಗೆ ರೂಢಿಯಾಗಿತ್ತು.

ಕೆಲವು ವಾರಗಳ ನಂತರ ಹೊಸ ಕನ್ನಡಕಕ್ಕೆಂದು ಹೋದೆವು. ಬಲಗಣ್ಣು ಮುಚ್ಚಿಸಿ ಅಕ್ಷರ ಓದಿಸಿದರು. ದೊಡ್ಡಮ್ಮ ಓದಲಿಲ್ಲ.

"ಸಾಲು ಬಗ್ಗಿದೆಯಲ್ಲ," ಎಂದರು.

ಕೆಟ್ಟಿದ್ದದ್ದು ಎಡಗಣ್ಣು. ಅಂದು ಸೊಟ್ಟ ರಂಗೋಲಿ ಮುಗಿಸಿದ್ದು ಆ ಕಣ್ಣಿನಿಂದಲೇ.

ಆಸ್ಪತ್ರೆಯಲ್ಲಿ ಕಣ್ಣಿನ ಹಿಂಪರದೆಯ ಓಸಿಟಿ ಸ್ಕ್ಯಾನ್ ಆಯಿತು. ಆಮೇಲೆ ತೋಳಿಗೆ ಡೈ ಚುಚ್ಚಿ ಕಣ್ಣಿನ ಫೋಟೋ ತೆಗೆದರು. ಕಂಪ್ಯೂಟರ್ ಪರದೆಯ ಬೂದು ಚಿತ್ರಗಳಲ್ಲಿ ಒಂದು ಬಿಳಿ ಕಲೆ, ಚಿತ್ರದಿಂದ ಚಿತ್ರಕ್ಕೆ ಅಗಲವಾಗುತ್ತಿತ್ತು. ವಯಸ್ಸಿನಿಂದ ಬರುವ ಮ್ಯಾಕ್ಯುಲರ್ ಡಿಜನರೇಶನ್, ಹಿಂಪರದೆಯ ನಡುಭಾಗ ಕೆಡುವ ರೋಗ, ಸೋರುವ ಬಗೆಯದು, ಎಂದು ಡಾಕ್ಟರ್ ಇಂಗ್ಲಿಷಿನಲ್ಲಿ ವಿವರಿಸಿದರು. ಸೋರುವ ರಕ್ತನಾಳ ನಡುಮಧ್ಯದಿಂದ ಪಕ್ಕಕ್ಕಿದೆ. ಈ ಫೋಟೋ ನೋಡಿಕೊಂಡೇ ಅಲ್ಲಿಗೆ ಲೇಸರ್ ಹಾಕಬಹುದು. ಸುಟ್ಟ ಜಾಗದಲ್ಲಿ ಮತ್ತೆ ಏನೂ ಕಾಣುವುದಿಲ್ಲ. ಉಳಿದದ್ದು ಉಳಿಯಬಹುದು. ಮತ್ತೆ ಸೋರಿದರೆ ಇಂಜೆಕ್ಷನ್.

"ಒಂದು ಚುಕ್ಕಿ ಕಡಿಮೆ ರಂಗೋಲಿ ಅನ್ನು," ಎಂದರು ದೊಡ್ಡಮ್ಮ.

ಕನ್ನಡ ಬಾರದ ಡಾಕ್ಟರ್ ನನ್ನ ಮುಖ ನೋಡಿದರು. "ಒಪ್ಪಿದ್ದಾರೆ," ಎಂದೆ.

ಹೊರಗೆ ಬಂದ ಮೇಲೆ ಒಂದೇ ಮಾತು: "ನಿಮ್ಮಮ್ಮಂಗೆ ಹೇಳ್ಬೇಡ. ಮೈಸೂರಿಗೆ ಎತ್ತಾಕ್ಕೊಂಡು ಹೋಗ್ತಾಳೆ. ಆಮೇಲೆ ನನ್ನ ಮನೆ ಅಂತ ಒಂದಿರಲ್ಲ."

ಲೇಸರ್ ದಿನ ಕಾರಿಡಾರಿನಲ್ಲಿ ಅವರ ಕನ್ನಡಕ ಹಿಡಿದು ಕೂತೆ. ಸುತ್ತ ಎಲ್ಲರ ಜೊತೆಗೂ ಮೂರು ನಾಲ್ಕು ಜನ, ಫ್ಲಾಸ್ಕು, ಬಿಸ್ಕತ್ತು. ಒಳಗಿನಿಂದ ಡಾಕ್ಟರ ದನಿ: "ಮಾಸಿಮಾ, ಅಲುಗಾಡಬೇಡಿ, ದೀಪ ನೋಡಿ," ಎಂದು ಬಂಗಾಳಿಯಲ್ಲಿ. ಅಷ್ಟರಲ್ಲಿ ಅಮ್ಮನ ಫೋನು.

"ಎಲ್ಲಿದೀಯೇ?"

"ಆಫೀಸಲ್ಲಿ."

"ಅಕ್ಕ ಹೇಗಿದಾಳೆ?"

"ಚೆನ್ನಾಗಿದಾರೆ."

ಫೋನು ಇಟ್ಟ ಮೇಲೆ ಕನ್ನಡಕ ಹಾಕಿಕೊಂಡು ಮುಚ್ಚಿದ ಬಾಗಿಲನ್ನು ನೋಡಿದೆ. ಎಲ್ಲ ಕಲಸಿಹೋಯಿತು. ಅಳು ಬಂದದ್ದು ಆಗಲೇ. ಕನ್ನಡಕದ ಹಿಂದೆ ಯಾರಿಗೂ ಕಾಣಲಿಲ್ಲ.

ಈಗ ಫ್ರಿಜ್ಜಿನ ಬಾಗಿಲಿಗೆ ಕಣ್ಣು ಪರೀಕ್ಷಿಸಿಕೊಳ್ಳಲು ಆಸ್ಪತ್ರೆಯವರು ಕೊಟ್ಟ ಚೌಕಗಳ ಹಾಳೆ ಅಂಟಿಸಿದ್ದೇವೆ. ಬೆಳಿಗ್ಗೆ ದೊಡ್ಡಮ್ಮ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಅದನ್ನು ನೋಡುತ್ತಾರೆ. ನಡುವಿನ ಪಕ್ಕದಲ್ಲಿ ಒಂದು ಮಸುಕು ಕಲೆ ಇದೆಯಂತೆ. ಅದು ಹೋಗುವುದಿಲ್ಲ, ಬೆಳೆಯದಿದ್ದರೆ ಸಾಕು. ಈ ಮನೆ, ಈ ಬಾಗಿಲು, ಇಲ್ಲಿ ತಮ್ಮ ಅನ್ನ ತಾವೇ ಮಾಡಿಕೊಂಡು ಇರುವುದು, ಎಲ್ಲವೂ ಅದರ ಅಳತೆಯ ಮೇಲೆ ನಿಂತಿದೆ. ದೊಡ್ಡದಾಯಿತೇ ಎಂದು ಕೇಳುವ ಧೈರ್ಯ ನನಗಿಲ್ಲ. ಉತ್ತರ ಕೇಳದೆ ಹೊರಡಲೂ ಆಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ನಿಲ್ಲುತ್ತೇನೆ.

"ಅಷ್ಟೇ ಇದೆ," ಎನ್ನುತ್ತಾರೆ, ತಿರುಗದೆ. "ಹೊರಡು, ಟ್ರೈನ್ ತಪ್ಪತ್ತೆ."

ರಂಗೋಲಿ ತುಳಿಯದಂತೆ ದಾಟಿ ಮೆಟ್ಟಿಲಿಳಿಯುತ್ತೇನೆ.